ಒಂದು ದೋಣಿ, ಒಂದು ಚಮಚ

ಅಪ್ಪನ ಕಿವಿಯ ಹಿಂದೆ ಹಿಟ್ಟು ಇನ್ನೂ ಹಾಗೇ ಇದೆ, ತೊಳ್ಕೊಂಡೇ ಬಂದೆ ಅಂತಾನೆ, ಎಲ್ಲಿ ತೊಳೆದ, ಮುಖಕ್ಕೆ ಒಂದಿಷ್ಟು ನೀರು ಎರಚಿಕೊಂಡಿರಬೇಕು, ಕಿವಿಯ ಹಿಂದೆ ಯಾರು ನೋಡುತ್ತಾರೆ ಅಂತ, ನಾನು ನೋಡುತ್ತೇನಲ್ಲ, ಮಲಗಿದಲ್ಲಿಂದ ನನಗೆ ಕಾಣುವುದೇ ಅಷ್ಟು — ಹಸಿರು ಪರದೆ, ಹೊಲಿಗೆ ಬಿಟ್ಟ ಅದರ ಅಂಚಿನಿಂದ ಜೋತಾಡುವ ದಾರ, ಅರ್ಧ ಕಿಟಕಿ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಲ್ಲೇ ತೂಕಡಿಸುತ್ತಿರುವ ಅಪ್ಪನ ಎಡಗಿವಿ. ರಾತ್ರಿಯೆಲ್ಲ ಬೇಕರಿಯಲ್ಲಿ ಹಿಟ್ಟು ನಾದಿ, ಬೆಳಗಿನ ಬ್ರೆಡ್ಡು ಒಲೆಯಿಂದ ತೆಗೆದು ಸೀದಾ ಇಲ್ಲಿಗೆ ಬರುತ್ತಾನೆ, ಅಮ್ಮ ಬಸ್ಸಿನ ಡ್ಯೂಟಿ ಮುಗಿಸಿ ಬರುವತನಕ ಇವನ ಪಾಳಿ, ನಮ್ಮ ಮನೆಯಲ್ಲಿ ಎಲ್ಲಕ್ಕೂ ಪಾಳಿಯೇ, ಹಗಲು ಕಂಡಕ್ಟರ್ ಅಮ್ಮ, ರಾತ್ರಿ ಬೇಕರಿ ಅಪ್ಪ, ಇವರಿಬ್ಬರೂ ಒಟ್ಟಿಗೆ ಮನೇಲಿ ಇರೋದೇ ಇಲ್ಲ, ನೀನು ಹುಟ್ಟಿದ್ದೇ ದೊಡ್ಡ ಆಶ್ಚರ್ಯ ಕಣೇ ಅಂತ ಅತ್ತೆ ಬಂದಾಗೆಲ್ಲ ಹೇಳುತ್ತಾಳೆ — ಬೇಡ, ನಗಬಾರದು, ನಕ್ಕರೆ ಹೊಟ್ಟೆಯೂ ಪಕ್ಕೆಯೂ ಹಿಡಿದುಕೊಳ್ಳುತ್ತವೆ, ತೊಡೆಯ ಸುದ್ದಿಯಂತೂ ಬೇಡವೇ ಬೇಡ, ಚರ್ಮ ಬಿಗಿದು ಹೊಳೆಯುತ್ತಿದೆ, ನನ್ನದಲ್ಲದ ಎರಡು ದಿಂಬುಗಳನ್ನು ಯಾರೋ ನನ್ನ ಸೊಂಟಕ್ಕೆ ಹೊಲಿದ ಹಾಗಿದೆ. ಸಂಜೆ ಡಾಕ್ಟರಮ್ಮ ಬರುತ್ತಾರೆ. ಬಂದು ಮೊದಲು ಕಾಲ್ಬೆರಳು ಅಲ್ಲಾಡ್ಸು ಅನ್ನುತ್ತಾರೆ, ಆಮೇಲೆ ಜಾರ್ ಕೇಳುತ್ತಾರೆ. ಉಚ್ಚೆ ಸರಿಯಾಗಿ ಇಳಿದಿದ್ದರೆ ಸರಿ, ಇಳಿಯದಿದ್ದರೆ ಕುತ್ತಿಗೆಗೆ ನಳಿಕೆ, ಪಕ್ಕದಲ್ಲಿ ಡಯಾಲಿಸಿಸ್ ಯಂತ್ರ. ಹತ್ತೊಂಬತ್ತು ವರ್ಷಕ್ಕೆ ನನ್ನ ಬದುಕೆಲ್ಲ ಒಂದು ಪ್ಲಾಸ್ಟಿಕ್ ಜಾರಿನಲ್ಲಿ ಬಂದು ಕೂತಿದೆ, ಆ ಜಾರ್ ಮಂಚದ ಕೆಳಗೆ ಖಾಲಿ ಇದೆ.

ಖಾಲಿ ಅಂದರೆ ಪೂರ್ತಿ ಖಾಲಿ ಅಲ್ಲ, ಬೆಳಿಗ್ಗೆ ತಳದಲ್ಲಿ ಒಂದಿಷ್ಟು ಬಂದಿತ್ತು, ಕರಿ ಕಾಫಿ ಇದ್ದ ಹಾಗೆ, ಸಿಸ್ಟರ್ ಅಳೆಯುವ ಮೊದಲೇ ಅಪ್ಪ ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದ, ಮೂರು ದಿನದಿಂದ ಇದೇ ಅವನ ಅಭ್ಯಾಸ, ಜಾರನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದು ಕಿಟಕಿಯ ಮುಂದೆ ಎತ್ತುತ್ತಾನೆ, ನಾನು ಈ ಕಡೆಯಿಂದ ನೋಡುತ್ತೇನೆ, ಆ ಕಡೆಯ ಅವನ ಬೆರಳು ಕಾಣುತ್ತವೇನೋ ಅಂತ, ಕಾಣುವುದಿಲ್ಲ, ಬರೀ ಕಪ್ಪು. ಮೊದಲನೇ ದಿನ ನಾಚಿಕೆಯಿಂದ ಸತ್ತೇ ಹೋಗಿದ್ದೆ, ಅಪ್ಪಾ ಇಡು ಅದನ್ನ, ಥೂ, ಸಿಸ್ಟರ್ ನೋಡ್ಕೊತಾರೆ ಬಿಡು ಅಂದರೆ, ನೀನು ಹುಟ್ಟಿದಾಗಿಂದ ನೋಡಿದೀನಿ, ಈಗೇನು ಹೊಸದಾ, ಸುಮ್ನೆ ಮಲಕ್ಕೋ ಅಂದ, ಆದರೆ ಅವನ ಕಿವಿಯೂ ಕೆಂಪಾಗಿತ್ತು, ನೋಡಿದೆ. ಡಾಕ್ಟರಮ್ಮ ಅವನನ್ನು ಕೂರಿಸಿ ಹೇಳಿದರು, ಮಾಂಸಖಂಡ ಒಡೆದುಹೋಗಿದೆ, ಅದರೊಳಗಿಂದೆಲ್ಲ ರಕ್ತಕ್ಕೆ ಸುರಿದಿದೆ, ಕಿಡ್ನಿ ಅದನ್ನ ಸೋಸಕ್ಕೆ ಹೋಗಿ ಕಟ್ಕೊಂಡಿದೆ, ರಕ್ತಪರೀಕ್ಷೆಯಲ್ಲಿ ಇನ್ನೂರರೊಳಗೆ ಇರಬೇಕಾದ್ದು ಲಕ್ಷ ದಾಟಿದೆ ಇವಳಲ್ಲಿ. ಲಕ್ಷ ಅಂದಾಗ ಅಪ್ಪನ ಮುಖ ನೋಡಬೇಕಿತ್ತು. ನನಗೆ ಆ ಹೊತ್ತಲ್ಲೂ ನಗು, ನಮ್ಮ ಮನೆಗೆ ಮೊದಲ ಸಲ ಲಕ್ಷ ಬಂದದ್ದು ನನ್ನ ತೊಡೆಯಿಂದ. ಒಳ್ಳೆ ಗಟ್ಟಿ ಹುಡುಗಿ ಡಾಕ್ಟ್ರೇ, ದೋಣಿ ಓಡಿಸ್ತಾಳೆ, ಹೆಂಗೆ ಒಡೆಯುತ್ತೆ ಮಾಂಸಖಂಡ ಅಂತ ಕೇಳಿದ ಪಾಪ. ಅದಕ್ಕೇ ಒಡೆದಿದ್ದು ಅಂದರು ಡಾಕ್ಟರಮ್ಮ, ಗಟ್ಟಿ ಇರೋರು ನಿಲ್ಲಿಸಲ್ಲ ನೋಡಿ. ಹಾಗಂದು ನನ್ನ ಕಡೆ ತಿರುಗಿ, ಏನೇನು ತಿಂತಿದ್ದೆ, ಏನೇನು ಕುಡಿತಿದ್ದೆ, ಪುಡಿಗಿಡಿ ಏನಾದ್ರೂ ಇದೆಯಾ, ಒಂದೂ ಬಿಡದೆ ಹೇಳ್ಬೇಕು ಅಂದರು. ಹೇಳಿದೆ. ಎಲ್ಲ ಹೇಳಿದೆ. ಚಮಚದ ವಿಷಯವನ್ನೂ.

ಚಮಚ — ಹಳದಿ ಪ್ಲಾಸ್ಟಿಕ್ಕಿನದು, ಡಬ್ಬಿಯ ಜೊತೆ ಬರುವ ಉದ್ದ ಕೈಯ ಚಮಚ, ಅದನ್ನು ಹಿಡಿಯುವ ಹಕ್ಕು ಆನೆಗೆ ಮಾತ್ರ. ಆನೆ ಎಂದು ಯಾರೂ ಕರೆದದ್ದಲ್ಲ, ಅವಳೇ ಇಟ್ಟುಕೊಂಡ ಹೆಸರು, ಬೇರೆಯವರು ಇಡೋ ಮುಂಚೆ ನಾನೇ ಇಟ್ಕೊಂಡ್ರೆ ನೋವಾಗಲ್ಲ ಕಣ್ರೇ ಅಂದಿದ್ದಳು ಮೊದಲ ದಿನವೇ, ನನಗೂ ಅವಳೇ ಇಟ್ಟಳು, ಗುಬ್ಬಿ, ಇನ್ನಿಬ್ಬರಲ್ಲಿ ಒಬ್ಬಳು ಮಾತಿನಮಲ್ಲಿ, ಒಬ್ಬಳು ಉದ್ದಕ್ಕ, ನಾಲ್ಕು ಜನ, ನಾಲ್ವರ ದೋಣಿ. ನಮ್ಮದು ಬೆನ್ನು ಮುಂದೆ ಮಾಡಿಕೊಂಡು ಹೋಗುವ ಆಟ, ಎಲ್ಲಿಗೆ ಹೋಗುತ್ತಿದ್ದೇವೋ ಆ ಕಡೆಗೆ ಯಾರ ಮುಖವೂ ಇರುವುದಿಲ್ಲ, ಹಿಂದೆ ಬಿಟ್ಟುಬಂದ ನೀರನ್ನೇ ನೋಡುತ್ತಾ ಹುಟ್ಟು ಎಳೆಯುತ್ತೇವೆ, ಮೂತಿಯ ಕಡೆ ಹಗುರದವಳು ಕೂರಬೇಕು ಅಂತ ನನ್ನ ಜಾಗ ಅಲ್ಲಿ, ಆದ್ದರಿಂದ ನನಗೆ ಕಾಣುವುದು ಮೂರು ಬೆನ್ನುಗಳು, ಎಲ್ಲಕ್ಕಿಂತ ಆಚೆ ಆನೆಯ ಬೆನ್ನು, ಅಷ್ಟಗಲ, ಅವಳು ಬಾಗಿದರೆ ಮೂರೂ ಬಾಗುತ್ತವೆ, ಅವಳು ಎಳೆದರೆ ಮೂರೂ ಎಳೆಯುತ್ತವೆ, ಆ ಹೊತ್ತಿನಲ್ಲಿ ನನ್ನ ಕೈ ನನ್ನದು ಅನ್ನಿಸುವುದಿಲ್ಲ, ಎಂಟು ಕೈಯ ಒಂದೇ ಪ್ರಾಣಿ ನಾವು, ಅಯ್ಯೋ ಆ ಸುಖ, ಅದನ್ನು ಅಪ್ಪನಿಗೆ ಹೇಗೆ ಹೇಳುವುದು. ಒಂದು ದೋಣಿ ಅಂದ್ರೆ ಎಲ್ಲಾ ಒಂದೇ ಇರಬೇಕು ಅಂತ ಕೋಚ್ ಸರ್ ಹೇಳಿದ್ದು ಹುಟ್ಟಿನ ತಾಳದ ಬಗ್ಗೆ. ನಾವು ಅದನ್ನು ಎಲ್ಲಕ್ಕೂ ಹಚ್ಚಿದೆವು, ಒಂದೇ ಹೊತ್ತಿಗೆ ಏಳುವುದು, ಒಂದೇ ಊಟ, ಒಬ್ಬಳು ಹತ್ತು ಬಸ್ಕಿ ಹೆಚ್ಚು ಹೊಡೆದರೆ ನಾಲ್ವರೂ ಹೊಡೆಯುವುದು, ಒಬ್ಬಳ ಕೂದಲು ಕತ್ತರಿಸಿದರೆ — ಮಾತಿನಮಲ್ಲಿ ಅತ್ತುಬಿಟ್ಟಳು, ಅದೊಂದು ಬಿಟ್ಟೆವು. ಜಿಮ್ಮಿನವನ ಹತ್ತಿರದಿಂದ ಆನೆ ಆ ಪುಡಿಯ ಡಬ್ಬಿ ತಂದಾಗಲೂ ಅಷ್ಟೇ, ಮೇಲೆ ಸಿಡಿಲಿನ ಚಿತ್ರ, ಒಳಗೆ ಗುಲಾಬಿ ಬಣ್ಣದ ಪುಡಿ, ನಾಲಿಗೆಗೆ ಚುರುಚುರು, ಒಂದು ದೋಣಿ ಒಂದು ಚಮಚ ಅಂತ ಕೂಗಿ ನಾಲ್ವರೂ ಬಾಯಿ ತೆರೆಯುತ್ತಿದ್ದೆವು, ಗೂಡಿನ ಮರಿಗಳ ಹಾಗೆ. ನಾನು ಆನೆಯ ತೂಕದ ಅರ್ಧಕ್ಕಿಂತ ಒಂಚೂರು ಹೆಚ್ಚು. ಅದು ಯಾರಿಗೂ ಹೊಳೆಯಲಿಲ್ಲ. ಹೊಳೆದಿದ್ದರೂ ನಾನೇ ಒಪ್ಪುತ್ತಿರಲಿಲ್ಲ.

ಒಪ್ಪಲಿಲ್ಲ ಕೂಡ. ಜ್ವರ ಬಂದು ಎದ್ದು ಬಂದ ದಿನ ಆನೆ ಕೇಳಿದಳು, ಗುಬ್ಬಿ, ಇವತ್ತು ನಿನಗೆ ಅರ್ಧ ಹಾಕ್ಲಾ, ಮುಖ ನೋಡು ಹೆಂಗಿದೆ ಅಂತ. ಯಾಕೆ, ನಾನು ದೋಣೀಲಿ ಅರ್ಧನಾ ಅಂದುಬಿಟ್ಟೆ, ನಾಲಿಗೆ ಉದ್ದ ನನ್ನದು, ಅವಳೂ ತುಂಬಿದ ಚಮಚ ನನ್ನ ಬಾಯಿಗೆ ಸುರಿದಳು. ಆವತ್ತು ನೀರಿಗಿಳಿಯಲಿಲ್ಲ, ಹೊರಗೆ ಗಾಳಿ ಜೋರು, ಹಾಲ್‌ನೊಳಗೆ ಹುಟ್ಟು ಎಳೆಯುವ ನಾಲ್ಕು ಯಂತ್ರಗಳನ್ನು ಸಾಲಾಗಿ ಹಾಕಿಕೊಂಡು ಎಳೆದೆವು, ಕಿಟಕಿಯ ಗಾಜಿನ ಮೇಲೆಲ್ಲ ನಮ್ಮ ಉಸಿರು, ಸರಪಳಿಯ ಸದ್ದು, ಬೆವರು ಮೂಗಿನ ತುದಿಯಿಂದ ತೊಟಕ್ ತೊಟಕ್, ಯಾರೂ ಮೊದಲು ನಿಲ್ಲಿಸುವ ಹಾಗಿಲ್ಲ, ನಿಲ್ಲಿಸು ಅಂತ ಯಾರೂ ಹೇಳುವುದಿಲ್ಲ, ನಿಲ್ಲಿಸಬೇಡ ಅಂತಲೂ ಹೇಳುವುದಿಲ್ಲ, ಪಕ್ಕದವಳ ಸರಪಳಿ ಸದ್ದು ಕೇಳುತ್ತಿರುವವರೆಗೆ ನಿನ್ನದೂ ಕೇಳಬೇಕು, ಅಷ್ಟೇ. ಪುಡಿ ಒಳಗೆ ಕೂತು ಎದೆಯನ್ನು ಡಬಡಬ ಬಡಿಯುತ್ತಿತ್ತು, ಸುಸ್ತು ಅನ್ನುವುದು ಎಲ್ಲೋ ಪಕ್ಕದ ಮನೆಯಲ್ಲಿದೆ, ಬಾಗಿಲು ತಟ್ಟುತ್ತಿದೆ, ನಾನು ತೆಗೆಯುತ್ತಿಲ್ಲ. ಒಂದು ಚಮಚದಲ್ಲಿ ಆರೇಳು ಲೋಟ ಕಾಫಿ ಇದೆಯಮ್ಮಾ ಇದರಲ್ಲಿ ಅಂದರು ಡಾಕ್ಟರಮ್ಮ, ಡಬ್ಬಿಯ ಹಿಂದಿನ ಇರುವೆ ಸಾಲಿನಂಥ ಅಕ್ಷರಗಳನ್ನು ಫೋನಿನಲ್ಲಿ ದೊಡ್ಡದು ಮಾಡಿ ಓದಿ, ಜ್ವರದ ಮೈ, ಮೇಲೆ ಇದು, ಕಾಲು ನಿನಗೆ ಸಾಕು ಸಾಕು ಅಂತ ಹೇಳಿರುತ್ತೆ, ನಿನಗೆ ಕೇಳಿಸಿರಲ್ಲ. ಮಾರನೇ ದಿನ ಹಾಸ್ಟೆಲಿನ ಮೆಟ್ಟಿಲು ಇಳಿಯಲು ಆಗಲಿಲ್ಲ. ಕೂತುಕೊಂಡೇ ಒಂದೊಂದೇ ಮೆಟ್ಟಿಲು ಜಾರಿದೆ, ಮೂವರೂ ಕೆಳಗೆ ನಿಂತು ಚಪ್ಪಾಳೆ ತಟ್ಟಿದರು, ನಾನೂ ರಾಣಿಯ ಹಾಗೆ ಕೈ ಬೀಸಿದೆ, ನಮ್ಮಲ್ಲಿ ನೋವು ಅಂದರೆ ಬಹುಮಾನ, ಚೆನ್ನಾಗಿ ಕೆಲಸ ಆಗಿದೆ ಅಂತ ಅರ್ಥ, ನೋಯದವಳನ್ನು ನಾವು ಅನುಮಾನದಿಂದ ನೋಡುತ್ತಿದ್ದೆವು.

ಮತ್ತೆ ಬೀಟ್‌ರೂಟ್. ಯಾರಿಗಾದರೂ ಹೇಳಿದರೆ ನಗುತ್ತಾರೆ, ಬೀಟ್‌ರೂಟಿನಿಂದ ಕಿಡ್ನಿ ಹೋಗ್ತಾ ಇತ್ತು ಅಂತ, ಬೀಟ್‌ರೂಟ್ ಏನು ಮಾಡಿತು ಪಾಪ, ಉಸಿರು ಹಿಡಿದು ನಿಲ್ಲುತ್ತದೆ ಅಂತ ದೋಣಿಯವರೆಲ್ಲ ಅದರ ರಸ ಕುಡಿಯುತ್ತಾರೆ, ನಾವೂ ದಿನಾ ಬೆಳಿಗ್ಗೆ ಒಂದೊಂದು ಲೋಟ, ಮಣ್ಣಿನ ವಾಸನೆ, ಮೂಗು ಮುಚ್ಚಿಕೊಂಡು. ಕುಡಿಯಲು ಶುರುಮಾಡಿದ ಹೊಸದರಲ್ಲಿ ಮಾತಿನಮಲ್ಲಿ ಬಚ್ಚಲಿನಿಂದ ಕಿರುಚಿಕೊಂಡು ಬಂದಿದ್ದಳು, ರಕ್ತ ಕಣ್ರೇ, ನಾನು ಸತ್ತೆ, ನಮ್ಮಮ್ಮನಿಗೆ ಫೋನ್ ಮಾಡಿ ಅಂತ, ಡಾಕ್ಟರ ಹತ್ತಿರ ಓಡಿದ್ದೂ ಆಯಿತು, ಅವರು ನಕ್ಕು ಬೀಟ್‌ರೂಟ್ ಕಮ್ಮಿ ಮಾಡಮ್ಮಾ ಅಂದಿದ್ದೂ ಆಯಿತು, ಅವತ್ತಿನಿಂದ ನಮ್ಮ ದೋಣಿಯಲ್ಲಿ ಬಚ್ಚಲಿನ ಬಣ್ಣ ಅಂದರೆ ತಮಾಷೆ. ಆದ್ದರಿಂದ ನನ್ನದು ಕಪ್ಪಾದಾಗ ನಾನು ಬಾಗಿಲಿನಿಂದಲೇ ಕೂಗಿದೆ, ಏಯ್, ನಂದು ಇವತ್ತು ಕರೀ ಬೀಟ್‌ರೂಟ್. ಅತ್ತ ಕಡೆಯಿಂದ ಮಾತಿನಮಲ್ಲಿ, ಅಮ್ಮನಿಗೆ ಫೋನ್ ಮಾಡ್ಲಾ. ಮೂವರ ನಗು. ನಾನೂ ನಕ್ಕೆ, ಆದರೆ ಒಳಗೆ ಏನೋ ಒಂದು ಚುಳುಕ್ ಅಂತು, ಬೀಟ್‌ರೂಟಿನದು ತಿಳಿಗೆಂಪು, ಲಂಗಕ್ಕೆ ಹಾಕುವ ಬಣ್ಣದ ಹಾಗೆ, ಇದು ಹಾಗಿಲ್ಲ, ಇದರಲ್ಲಿ ಕೆಂಪೇ ಇಲ್ಲ. ಬಚ್ಚಲಿನ ಗೋಡೆಯ ಮೇಲೆ ಕೋಚ್ ಸರ್ ಅಂಟಿಸಿದ ಬಣ್ಣದ ಪಟ್ಟಿ ಇದೆ, ಮೈಯಲ್ಲಿ ನೀರು ಎಷ್ಟಿದೆ ಅಂತ ನೋಡಿಕೊಳ್ಳಲು, ಮೇಲೆ ತಿಳಿ ಹಳದಿ, ಕೆಳಗೆ ಬರುತ್ತಾ ಗಾಢ, ಎಲ್ಲಕ್ಕಿಂತ ಕೆಳಗೆ ಸಾಸಿವೆ ಬಣ್ಣ. ನನ್ನ ಬಣ್ಣ ಆ ಪಟ್ಟಿಯಲ್ಲೇ ಇರಲಿಲ್ಲ. ಪಟ್ಟಿಯಲ್ಲಿ ಇಲ್ಲ ಅಂದಮೇಲೆ ಅದು ಲೆಕ್ಕಕ್ಕಿಲ್ಲ ಅಂದುಕೊಂಡೆ, ಇಂಥ ಬುದ್ಧಿ ನನಗೊಬ್ಬಳಿಗೇ ಬರಬೇಕು, ಮರುದಿನ ರಸ ಕುಡಿಯದಿದ್ದಾಗಲೂ ಅದೇ ಬಣ್ಣ ಬಂತು, ಆಗಲೂ ನಿನ್ನೆಯದು ಉಳಿದಿರಬೇಕು ಅಂದುಕೊಂಡೆ.

ಅಪ್ಪ ಹಾಗೇನೂ ಅಂದುಕೊಳ್ಳಲಿಲ್ಲ. ರಜೆಗೆ ಅಂತ ಮನೆಗೆ ಹೋದವಳು ಕೂದಲು ಕಟ್ಟಿಕೊಳ್ಳಲು ಕೈ ಎತ್ತಿದರೆ ಕೈ ಭುಜದ ಮೇಲಕ್ಕೆ ಬರುತ್ತಿಲ್ಲ, ಅಪ್ಪಾ ಒಂಚೂರು ಜಡೆ ಹಾಕಿಕೊಡು ಅಂದೆ, ಚಿಕ್ಕಂದಿನಲ್ಲಿ ಅವನೇ ಹಾಕುತ್ತಿದ್ದದ್ದು, ಹೆಣೆದ ಬ್ರೆಡ್ಡು ಮಾಡುವ ಕೈ, ನನ್ನ ಜಡೆ ಇಡೀ ಶಾಲೆಯಲ್ಲಿ ಹೆಸರುವಾಸಿ. ಜಡೆ ಹೆಣೆಯುತ್ತಾ ಹೆಣೆಯುತ್ತಾ ನಿಲ್ಲಿಸಿದ. ಏನೇ ಇದು, ಕತ್ತು ಊದಿದೆ, ಭುಜ ಊದಿದೆ, ಹಿಟ್ಟು ಉಬ್ಬಿದಂಗೆ. ಏನಿಲ್ಲ ಬಿಡಪ್ಪಾ ಪ್ರಾಕ್ಟೀಸು ಅಂತ ಎದ್ದು ಬಚ್ಚಲಿಗೆ ಹೋದೆ, ಅಲ್ಲಿ ಕೂತವಳಿಗೆ ಏಳಲು ಆಗಲಿಲ್ಲ, ತೊಡೆಗೆ ಏಳು ಅಂದರೆ ಅದು ಯಾರಿಗೆ ಹೇಳ್ತಿದೀಯ ಅಂದಿತು, ಕರೆಯದೆ ವಿಧಿ ಇರಲಿಲ್ಲ, ಅಪ್ಪಾ ಅಂತ ಕೂಗಿದಾಗ ನನ್ನ ದನಿ ನನಗೇ ನಾಲ್ಕು ವರ್ಷದ ಹುಡುಗಿಯದು ಅನ್ನಿಸಿತು. ಬಾಗಿಲು ತಳ್ಳಿ ಬಂದ, ನನ್ನನ್ನು ನೋಡುವ ಮೊದಲು ಅದನ್ನು ನೋಡಿದ, ನೀರು ಹಾಕಿರಲಿಲ್ಲ ನಾನು. ಸುಟ್ಟ ಸಕ್ಕರೆ ಇದ್ದಂಗಿದೆಯಲ್ಲೇ ಅಂದ, ಮೆಲ್ಲಗೆ, ಆಮೇಲೆ ಬೀಟ್‌ರೂಟ್ ಅಪ್ಪಾ ಅನ್ನುತ್ತಿದ್ದ ನನ್ನ ಮಾತು ಅವನಿಗೆ ಕೇಳಿಸಲೇ ಇಲ್ಲ, ಎತ್ತಿ ಹೆಗಲಿಗೆ ಹಾಕಿಕೊಂಡ, ಮೈದಾ ಮೂಟೆಯ ಹಾಗೆ, ಬೇಕರಿ ವ್ಯಾನಿನಲ್ಲಿ ತಟ್ಟೆಗಳ ನಡುವೆ ಮಲಗಿಸಿದ, ಆಗಷ್ಟೇ ಬಂದ ಬನ್ನುಗಳು ಎರಡೂ ಕಡೆ ಬೆಚ್ಚಗೆ ಹಬೆಯಾಡುತ್ತಿದ್ದವು, ವ್ಯಾನು ತಿರುವಿನಲ್ಲಿ ವಾಲಿದಾಗೆಲ್ಲ ಒಂದೆರಡು ನನ್ನ ಮೇಲೆ ಉರುಳಿದವು, ಹಸಿವಾಗಿತ್ತು ನೋಡಿ, ಒಂದು ತಿಂದೆ ಕೂಡ. ತಿಂತಿದೀಯಾ, ತಿನ್ನು ತಿನ್ನು ಅಂತ ಅಪ್ಪ ಮುಂದಿನ ಸೀಟಿನಿಂದ ಕನ್ನಡಿಯಲ್ಲಿ ನೋಡಿ ಹೇಳಿದ, ಅವನ ಕಣ್ಣಲ್ಲಿ ನೀರಿತ್ತು. ಅವತ್ತು ಯಾವ ಅಂಗಡಿಗೂ ಬನ್ನು ಹೋಗಲಿಲ್ಲ.

ತೂಕಡಿಕೆಯಲ್ಲಿ ಅಪ್ಪನ ತಲೆ ಮುಂದಕ್ಕೆ ಬಿದ್ದು ಮತ್ತೆ ಎದ್ದಿದೆ, ನಾನೆಲ್ಲಿ ನಿದ್ದೆ ಮಾಡಿದೆ ಅನ್ನುವ ಮುಖ, ಮತ್ತೆ ಬಿದ್ದಿದೆ. ಇವನು ನಿನ್ನೆ ಡಾಕ್ಟರಮ್ಮನನ್ನು ಬಾಗಿಲಿನಲ್ಲೇ ಹಿಡಿದು ನನ್ನದೊಂದು ತಗೊಂಡುಬಿಡಿ ಅಂದನಂತೆ, ಏನು ಅಂದರೆ ಕಿಡ್ನಿ, ಎರಡಿದೆಯಂತಲ್ಲ, ಒಲೆ ಮುಂದೆ ನಿಂತ್ಕೊಳ್ಳೋಕೆ ನನಗೆ ಒಂದು ಸಾಲದಾ. ಅವರು ನಕ್ಕರಂತೆ, ಅಷ್ಟು ದೂರ ಇನ್ನೂ ಹೋಗಿಲ್ಲ ಅಪ್ಪಾಜಿ, ಅವಳದ್ದು ಸತ್ತಿಲ್ಲ, ಮುಷ್ಕರ ಹೂಡಿದೆ, ಡಯಾಲಿಸಿಸ್ ಅಂದ್ರೂ ಕೆಲವು ದಿನಕ್ಕೆ, ಅದು ಚೇತರಿಸ್ಕೊಳ್ಳೋವರೆಗೆ, ಹೆಚ್ಚಿನವರಿಗೆ ಪೂರ್ತಿ ಸರಿ ಹೋಗುತ್ತೆ ಅಂತ. ಹೆಚ್ಚಿನವರಿಗೆ. ಆ ಪದ ಬಾಯಲ್ಲಿ ಸಿಕ್ಕಿದ ಮೀನಿನ ಮುಳ್ಳಿನ ಹಾಗೆ, ಉಳಿದ ಕೆಲವರು ಯಾರು, ಅವರೂ ಹೀಗೇ ಪರದೆಯ ದಾರ ನೋಡುತ್ತಾ ಮಲಗಿದ್ದರಾ, ನನಗೆ ಭಯ, ಹೌದು, ಹೇಳಿಬಿಡುತ್ತೇನೆ, ಯಾರೂ ಕೇಳುತ್ತಿಲ್ಲವಲ್ಲ, ಕುತ್ತಿಗೆಗೆ ಚುಚ್ಚುತ್ತಾರಲ್ಲ ಆ ನಳಿಕೆಯ ಭಯ, ವಾರಕ್ಕೆ ಇಷ್ಟು ಸಲ ಅಂತ ಯಂತ್ರಕ್ಕೆ ಕಟ್ಟಿಹಾಕುವ ಭಯ, ಅಮ್ಮ ಬಸ್ಸು ಬಿಟ್ಟು, ಅಪ್ಪ ಒಲೆ ಬಿಟ್ಟು ನನ್ನ ಪಾಳಿ ಮಾಡಿಕೊಂಡೇ ಮುದುಕರಾಗುವ ಭಯ. ಅಮ್ಮ ಮಧ್ಯಾಹ್ನ ಫೋನ್ ಮಾಡಿದ್ದಳು, ಹಿಂದೆ ಬಸ್ಸಿನ ಗಲಾಟೆ, ಬಂತೇನೇ ಅಂತ ಇಡೀ ಬಸ್ಸಿಗೆ ಕೇಳುವಂತೆ ಕೂಗಿದಳು, ಇನ್ನೂ ಇಲ್ಲಮ್ಮಾ ಅಂದೆ, ಬರುತ್ತೆ ಬರುತ್ತೆ, ಯಾವ ಬಸ್ಸೂ ಹೊತ್ತಿಗೆ ಸರಿಯಾಗಿ ಬಂದಿಲ್ಲ, ಬಾರದೇ ಇದ್ದದ್ದೂ ಇಲ್ಲ, ನೀರು ಕುಡೀ, ರೈಟ್ ಅಂತ ಇಟ್ಟಳು, ಅವಳು ಯಾವ ಫೋನನ್ನೂ ರೈಟ್ ಅನ್ನದೆ ಇಟ್ಟವಳಲ್ಲ.

ನಿನ್ನೆ ಮೂವರೂ ಬಂದಿದ್ದರು, ಕೋಚ್ ಸರ್ ಜೊತೆ. ಮಂಚದ ಸುತ್ತ ನಿಂತರು, ನಾನು ಮೊದಲ ಸಲ ಅವರನ್ನೆಲ್ಲ ಒಟ್ಟಿಗೆ ಮುಖದ ಕಡೆಯಿಂದ ನೋಡಿದೆ ಅನ್ನಿಸಿತು, ಬೆನ್ನು ಕಂಡು ಕಂಡು ಅಭ್ಯಾಸ, ಆನೆಯ ಮುಖ ಇಷ್ಟು ಚಿಕ್ಕದಾ, ಕಣ್ಣು ಊದಿ ಕೆಂಪು. ನನ್ನ ಕೈಯಾರೆ ಸುರಿದೆನಲ್ಲೇ ಗುಬ್ಬಿ ಅಂತ ನನ್ನ ಊದಿದ ತೊಡೆಯ ಪಕ್ಕ ಹಾಸಿಗೆಗೆ ತಲೆ ಇಟ್ಟು ಅತ್ತಳು. ಬಾಯಿ ತೆರೆದಿದ್ದು ನಾನೇ ಅಲ್ವಾ, ಏಳೇ, ಮಂಚ ಮುರಿದುಹೋಗುತ್ತೆ ಅಂದೆ. ಅಳುತ್ತಲೇ ನಕ್ಕಳು. ಮಾತಿನಮಲ್ಲಿ ಮೂಲೆಯಲ್ಲಿ ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದಳು, ಅದೇ ನನಗೆ ಎಲ್ಲಕ್ಕಿಂತ ಹೆದರಿಕೆಯಾದದ್ದು, ಅಮ್ಮನಿಗೆ ಫೋನ್ ಮಾಡಿದೆಯಾ ಅಂತ ನಾನೇ ಕೆಣಕಿದೆ, ಆಗ ಬಾಯಿ ಬಿಟ್ಟಳು, ಬಿಟ್ಟಮೇಲೆ ನಿಲ್ಲಬೇಕಲ್ಲ. ಅವಳಿಂದಲೇ ಗೊತ್ತಾದದ್ದು, ಡಾಕ್ಟರಮ್ಮ ಹಟ ಹಿಡಿದು ಮೂವರ ರಕ್ತವನ್ನೂ ತೆಗೆಸಿದ್ದಾರೆ, ಆನೆಯದೂ ಅವಳದೂ ಪರವಾಗಿಲ್ಲ, ಉದ್ದಕ್ಕನದು ಏರಿದೆ, ನನ್ನಷ್ಟಲ್ಲ, ಆದರೆ ಇನ್ನೆರಡು ದಿನ ಆ ಯಂತ್ರ ಎಳೆದಿದ್ದರೆ ಪಕ್ಕದ ಮಂಚ ಅವಳದೇ, ಈಗ ನೀರು ಕುಡಿದು ವಿಶ್ರಾಂತಿ ತಗೊಂಡರೆ ಸಾಕಂತೆ. ಉದ್ದಕ್ಕ ನನ್ನ ಕಾಲ್ಬೆರಳು ಹಿಡಿದುಕೊಂಡು ನಿಂತಿದ್ದಳು. ಆಗ ನನಗೆ ಸಂತೋಷವಾಯಿತು, ಮುಚ್ಚುಮರೆ ಯಾಕೆ, ಅವಳಿಗೆ ಏನೂ ಆಗುವುದಿಲ್ಲ ಅಂತ ಎದೆ ತುಂಬಿ ಸಂತೋಷ, ನನ್ನ ತೊಡೆ ಒಡೆದದ್ದಕ್ಕೂ ಒಂದು ಕೆಲಸ ಆಯಿತಲ್ಲ ಅಂತ. ಕೋಚ್ ಸರ್ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಾ ನಿಂತರು, ಈ ಸಲದ ರೇಸಿಗೆ ನಮ್ಮ ದೋಣಿ ಇಳಿಯಲ್ಲಮ್ಮಾ, ಹೆಸರು ವಾಪಸ್ ತಗೊಂಡೆ, ಡಬ್ಬಿಯನ್ನ ಡಾಕ್ಟರಿಗೆ ಕೊಟ್ಟೆ, ನಾನು ನೋಡಿಯೂ ಕೇಳಿರಲಿಲ್ಲ ಅದೇನು ಅಂತ, ನೀರಲ್ಲಿ ಒಂದೇ ತಾಳ ಇದ್ದರೆ ಸಾಕಿತ್ತು, ಊಟಕ್ಕೂ ಜ್ವರಕ್ಕೂ ಯಾಕೆ ತಂದೆವೋ ಅಂದರು. ರೇಸಿಲ್ಲ ಅಂದಾಗ ಪರದೆಯ ಕಡೆ ಮುಖ ತಿರುಗಿಸಿಕೊಂಡೆ, ಸುಳ್ಳು ಯಾಕೆ ಹೇಳಲಿ. ಮುಂದಿನ ವರ್ಷ ಅಂದರು ಹೋಗುವಾಗ, ಮುಂದಿನ ವರ್ಷ ನೀನು ನಿಧಾನಕ್ಕೆ, ನಿನ್ನ ಲೆಕ್ಕದಲ್ಲಿ, ಇವರು ಕಾಯ್ತಾರೆ. ಕಾಯ್ತೀವಿ ಅಂತ ಆನೆ ಬಾಗಿಲಿನಿಂದ ಕೂಗಿದಳು, ವಾರ್ಡೆಲ್ಲ ತಿರುಗಿ ನೋಡಿತು.

ಬಿಸಿಲು ಕಿಟಕಿಯ ಕೆಳಗಿನ ಗಾಜಿಗೆ ಬಂದಿದೆ, ಇನ್ನೇನು ಡಾಕ್ಟರಮ್ಮ ಬರುವ ಹೊತ್ತು, ಆಚೆ ಕಾರಿಡಾರಿನಲ್ಲಿ ಗಾಡಿಯ ಚಕ್ರದ ಕಿರ್ ಕಿರ್, ಅದು ಇಂಜೆಕ್ಷನ್ ಗಾಡಿ, ಯಾರೋ ಕೆಮ್ಮುತ್ತಿದ್ದಾರೆ, ಎಲ್ಲೋ ಮಗು, ನನಗೆ — ಏನೋ ಒಂದು, ಕಿಬ್ಬೊಟ್ಟೆಯಲ್ಲಿ, ಭಾರ. ಸುಮ್ಮನಿರು, ನಿನ್ನೆಯೂ ಹೀಗೇ ಅನ್ನಿಸಿತ್ತು, ಏಳಿಸಿ ಕೂರಿಸಿ ಎಲ್ಲ ಆಗಿ ನಾಲ್ಕು ಹನಿ, ಅಪ್ಪ ಅದನ್ನೇ ಕಿಟಕಿಗೆ ಹಿಡಿದು ಒಳ್ಳೇದಿದೆ ಒಳ್ಳೇದಿದೆ ಅಂದಿದ್ದ, ಅವನ ಬೆರಳು ಕಾಣದ ಆ ಕಪ್ಪು, ಮತ್ತೆ ಬೇಡ, ಮತ್ತೆ ಅವನ ಮುಖ ಬಾಡುವುದು ಬೇಡ, ಇಷ್ಟು ಬಾಟಲಿ ನೀರು ರಕ್ತಕ್ಕೆ ಇಳಿದದ್ದು ಎಲ್ಲಿ ಹೋಗುತ್ತಿದೆ, ತೊಡೆಗೇ ಹೋಗುತ್ತಿರಬೇಕು — ಇಲ್ಲ, ಇದು ಬೇರೆ ಥರ, ಇದು ಶಾಲೆಯಲ್ಲಿ ಕೊನೇ ಪಿರಿಯಡ್ಡಿನಲ್ಲಿ ಬರುತ್ತಿತ್ತಲ್ಲ ಆ ಥರ, ಟೀಚರ್ ಹೋಗ್ಲಾ ಅನ್ನುವಂಥದ್ದು, ಇದು ತಡೆಯುವಂಥದ್ದಲ್ಲ. ಅಪ್ಪಾ. ಅಪ್ಪಾ ಏಳು. ಏನೇ, ಏನಾಯ್ತು, ಕರೀಲಾ ಸಿಸ್ಟರನ್ನ. ಬೇಡ, ಅವರು ಆ ಕಡೆ ಮಗು ಹತ್ರ ಇದಾರೆ, ನನ್ನನ್ನ ಬಚ್ಚಲಿಗೆ ಕರ್ಕೊಂಡು ಹೋಗು, ನಡ್ಕೊಂಡು ಹೋಗ್ತೀನಿ. ನಡ್ಕೊಂಡಾ, ಹುಚ್ಚಾ ನಿನಗೆ, ಇಲ್ಲೇ ಬೆಡ್‌ಪ್ಯಾನ್ ಇಡ್ತೀನಿ. ಅಪ್ಪಾ, ಡಾಕ್ಟರು ನಿಲ್ಲಬಹುದು ಅಂದಿದ್ದಾರೆ, ಬೇಗ ಕಣಪ್ಪಾ. ಒಂದು ಕೈಯಲ್ಲಿ ಬಾಟಲಿಯ ಕಂಬ, ಒಂದು ಕೈ ನನ್ನ ಕಂಕುಳಲ್ಲಿ, ತನ್ನ ಕಂಕುಳ ಸಂದಿಯಲ್ಲಿ ಜಾರು ಸಿಕ್ಕಿಸಿಕೊಂಡು ಅಪ್ಪ, ನಾನು ಕಾಲು ನೆಲಕ್ಕೆ ಇಟ್ಟೆ, ತಣ್ಣಗಿದೆ ನೆಲ, ಆಹಾ, ಊದಿದ ಕಾಲು ನೆಲಕ್ಕೆ ತಾಗಿ ಯಾರಿದು ಅಂತ ಕೇಳಿತು, ನಾನೇ ಅಂದೆ, ನಿಂತಿತು. ಒಂದು ಹೆಜ್ಜೆ, ಹಿಡ್ಕೊಂಡಿದೀನಿ, ಇನ್ನೊಂದು, ನೋವು, ಇರಲಿ, ಇದು ಬಹುಮಾನದ ನೋವಲ್ಲ, ಬರೀ ನೋವು, ಇದಕ್ಕೆ ಯಾರೂ ಚಪ್ಪಾಳೆ ತಟ್ಟಬೇಕಾಗಿಲ್ಲ.

ಬಾಗಿಲ ಸಂದಿಯಿಂದ ಜಾರ್ ಒಳಗೆ ಕೊಟ್ಟು ಅಪ್ಪ ಹೊರಗೆ ಬೆನ್ನು ಹಾಕಿ ನಿಂತ, ನನಗೆ ಮುಜುಗರ ಆಗಬಾರದು ಅಂತ ಜೋರಾಗಿ ಮಾತಾಡತೊಡಗಿದ, ಯಾರ ಹತ್ತಿರ ಅಂತ ಅವನಿಗೇ ಗೊತ್ತಿಲ್ಲ, ನಾಳೆಯಿಂದ ಆ ಹೊಸ ಹುಡುಗನ ಕೈಗೆ ಒಲೆ ಕೊಡಬಾರದು, ನಿನ್ನೆ ಒಂದು ತಟ್ಟೆ ಪೂರ್ತಿ ಕಪ್ಪು ಮಾಡಿದ, ಒಲೆ ಅಂದ್ರೆ ಏನು ಆಟನಾ, ಸಕ್ಕರೆ ಬೇರೆ ಸರಿಯಾಗಿ ಜರಡಿ ಹಿಡಿಯಲ್ಲ — ನಾನು ಗೋಡೆ ಹಿಡಿದು ಕೂತಿದ್ದೇನೆ, ಜಾರ್ ಕೈಯಲ್ಲಿದೆ, ಏನೂ ಇಲ್ಲ, ಏನೂ ಇಲ್ಲ, ಬಿಳಿ ಟೈಲ್ಸ್, ಒಂದರ ಮೂಲೆ ಒಡೆದಿದೆ, ಬಾ, ಬಾರೇ, ನಿನ್ನ ಕಾಲಿಗೆ ಬೀಳ್ತೀನಿ, ಹಲ್ಲು ಕಚ್ಚಿಕೊಳ್ಳುತ್ತೇನೆ, ಹಲ್ಲು ಕಚ್ಚಿದರೆ ಬರುವುದಿಲ್ಲ, ಬಿಡು, ಹಲ್ಲು ಬಿಡು, ಭುಜ ಬಿಡು, ಎಲ್ಲ ಬಿಡು, ಎಳೆಯಬೇಡ, ಈಗ ಎಳೆಯುವ ಕೆಲಸ ಇಲ್ಲ — ಸದ್ದು. ಜಾರಿನ ತಳಕ್ಕೆ ಬೀಳುವ ಸದ್ದು, ತೆಳ್ಳಗೆ, ಆಮೇಲೆ ದಪ್ಪಗೆ, ನಿಲ್ಲುತ್ತದೆ ಈಗ ನಿಲ್ಲುತ್ತದೆ ಅಂದುಕೊಂಡೆ, ನಿಲ್ಲುತ್ತಿಲ್ಲ, ನಿನ್ನೆಯ ಗೆರೆ ದಾಟಿತು, ಮೊನ್ನೆಯದೂ ಸೇರಿಸಿದರೆ ಅದನ್ನೂ ದಾಟಿತು, ಬೆಚ್ಚಗೆ ಕೈ ತುಂಬ ಭಾರ, ಕಣ್ಣಲ್ಲೂ ನೀರು, ಮೈಯಲ್ಲಿ ಎಲ್ಲೆಲ್ಲಿ ನೀರಿದೆಯೋ ಎಲ್ಲಾ ಒಟ್ಟಿಗೆ ಹೊರಟಿದೆ, ಹೊರಗೆ ಅಪ್ಪ ಸಕ್ಕರೆಯ ಜರಡಿಯಲ್ಲಿದ್ದವನು ಗಕ್ಕನೆ ಮಾತು ನಿಲ್ಲಿಸಿದ್ದಾನೆ, ಅವನಿಗೂ ಕೇಳುತ್ತಿದೆ, ಕೇಳಲಿ, ಇಡೀ ವಾರ್ಡಿಗೆ ಕೇಳಲಿ, ಜಾರಿನ ಕೊನೇ ಗೆರೆ ಬಂತು, ಇನ್ನೂ ಬರುತ್ತಿದೆ, ಅಯ್ಯೋ, ಅಪ್ಪಾ, ಇನ್ನೊಂದು ಜಾರ್ ತಾರೋ!

ಅಪ್ಪ ಓಡಿದ ಸದ್ದು, ಕಂಬಕ್ಕೆ ಕಾಲು ತಾಗಿದ ಸದ್ದು, ಸಿಸ್ಟರ್ ಸಿಸ್ಟರ್ ಜಾರು ಜಾರು ಅಂತ ಮದುವೆ ಮನೆಯಲ್ಲಿ ಬಡಿಸುವವನ ಹಾಗೆ ಕೂಗುತ್ತಿದ್ದಾನೆ, ಸಿಸ್ಟರ್ ಏನಾಯ್ತು ಏನಾಯ್ತು ಅಂತ ಬಂದರು, ಬಂದು ನೋಡಿ, ಅಯ್ಯೋ ತಾಯಿ ಅಂತ ಬಾಯಿಗೆ ಕೈ ಇಟ್ಟು ನಕ್ಕರು, ಡಾಕ್ಟರ್ ಬರ್ತಾ ಇದಾರೆ, ಚೆಲ್ಲಬೇಡಿ ಇದನ್ನ, ಅವರೇ ನೋಡಲಿ ಅಂದರು. ನಾನು ಮಂಚಕ್ಕೆ ಬಂದೆನೋ ಅವರು ತಂದರೋ, ದಿಂಬಿಗೆ ಒರಗಿದ್ದೇನೆ, ಉಸಿರು ಏರಿಳಿಯುತ್ತಿದೆ, ಪರದೆಯ ಆಚೆ ಡಾಕ್ಟರಮ್ಮನ ಚಪ್ಪಲಿಯ ಟಪ ಟಪ, ಬರಲಿ, ಕಾಲ್ಬೆರಳು ಅಲ್ಲಾಡಿಸಿಕೊಂಡೇ ಇದ್ದೇನೆ. ಅಪ್ಪ ಯಾರಿಗೂ ಕಾಯಲಿಲ್ಲ. ಎರಡೂ ಕೈಯಲ್ಲಿ ಜಾರನ್ನು ತಬ್ಬಿ ಹಿಡಿದು ಕಿಟಕಿಯ ಹತ್ತಿರ ಹೋಗಿದ್ದಾನೆ, ತುಂಬಿದ ಜಾರು, ಚೆಲ್ಲೀತು ಅಂತ ಮೆಲ್ಲಗೆ ಮೆಲ್ಲಗೆ ಎತ್ತುತ್ತಾನೆ, ಹಳದಿಯಾಗಿಲ್ಲ ಇನ್ನೂ, ಕಾಫಿಯೂ ಅಲ್ಲ, ತೆಳು ಚಹಾ, ಹಾಲು ಹಾಕದ ತೆಳು ಚಹಾ, ಸಂಜೆಯ ಬಿಸಿಲು ಅದರೊಳಗೆ ಬಂತು, ಅದರಿಂದ ಈಚೆ ಬಂತು, ನನ್ನ ಹೊದಿಕೆಯ ಮೇಲೆ ಬಿತ್ತು, ಅಪ್ಪಾ ಅಲ್ಲಾಡಬೇಡ, ಹಾಗೇ ಹಿಡಿ, ಇನ್ನೊಂಚೂರು ಮೇಲೆ — ಜಾರಿನ ಆಚೆ, ಆ ಚಹಾದ ಆಚೆ, ಉಗುರ ಸಂದಿಯಲ್ಲಿ ಹಿಟ್ಟು ಮೆತ್ತಿಕೊಂಡ ಅಪ್ಪನ ಬೆರಳು. ಕಾಣುತ್ತಿವೆ. ಅಪ್ಪನ ಬೆರಳು ಕಾಣುತ್ತಿವೆ.